ಟೋಪಿ ಕಳೆದುಕೊಂಡ ಪಿಟೀಲಿನ ಯಜಮಾನರು

ನೈರೋಬಿಯ ಔಷಧಿ ಕಾರ್ಖಾನೆಯಲ್ಲಿ ಕೆಲಸ ಮಾಡುವ ಬಾಮೈದ ನಾಗೇಶ ಭಾನುವಾರ ಮಧ್ಯಾಹ್ನ ನನ್ನನ್ನು ಇಲ್ಲಿನ ಕಿಲಿಮಾನಿ ಬಡಾವಣೆಯ ಹೋಟೆಲೊಂದಕ್ಕೆ ಕರೆತಂದ. ಅಂಗಳದಲ್ಲಿ ಅಮೆರಿಕದ ಹಳ್ಳಿಗಾಡಿನ ಸಂಗೀತ. ಇದಕ್ಕೆ ಬ್ಲೂಗ್ರಾಸ್ ಅನ್ನುತ್ತಾರಂತೆ. ಬಾರಿಸುವವರೆಲ್ಲ ಇಲ್ಲಿನವರೇ. ಆ ಬಿಸಿಲಲ್ಲೂ ಕಪ್ಪು ವೇಸ್ಟ್‌ಕೋಟು, ಅಗಲ ಅಂಚಿನ ಟೋಪಿ. ಐದು ಜನಕ್ಕೂ ಒಂದೇ ಮೈಕು. ಸರದಿ ಬಂದವನು ಮುಂದೆ ಬಂದು ಬಾರಿಸುತ್ತಾನೆ, ಟೋಪಿ ತೆಗೆದು ಬಾಗುತ್ತಾನೆ, ಹಿಂದೆ ಸರಿಯುತ್ತಾನೆ. ಒಬ್ಬರ ಮೈ ಒಬ್ಬರಿಗೆ ತಾಗುವುದಿಲ್ಲ.

ಬರಿತಲೆಯ ಪಿಟೀಲಿನ ಯಜಮಾನರು ಮಾತ್ರ ಹಿಂದೆಯೇ ನಿಂತಿದ್ದರು. ನಾಗೇಶ ಮಾಣಿಯನ್ನು ವಿಚಾರಿಸಿದ.

"ಬರೋವಾಗ ಮಟಾಟು ವ್ಯಾನಿನ ಕಿಟಕೀಲಿ ಟೋಪಿ ಹಾರೋಯ್ತಂತೆ ಭಾವ. ಟೋಪಿ ಇಲ್ದೆ ಮೈಕ್ ಹತ್ರ ಬಿಡಲ್ವಂತೆ. ಏನ್ ರೂಲ್ಸೋ!" ಎಂದು ನಕ್ಕ.

ನನಗೆ ನಗು ಬರಲಿಲ್ಲ. ತಿಪಟೂರಿನ ಮದುವೆ ಬ್ಯಾಂಡಿನಲ್ಲಿ ನಾನು ಕ್ಲಾರಿಯೋನೆಟ್ ಊದುತ್ತಿದ್ದಾಗ ನಮ್ಮಲ್ಲೂ ಕೆಂಪು ಕೋಟು ಇಲ್ಲದವನಿಗೆ ಮೆರವಣಿಗೆಯಲ್ಲಿ ಹಿಂದಿನ ಸಾಲೇ. ಈಗ ಬ್ಯಾಂಡ್ ಕರೆಸುವವರಿಲ್ಲ. ನನ್ನ ಕೋಟು ಟ್ರಂಕಿನಲ್ಲಿದೆ.

ಎದ್ದು ಹೋಗಿ, ಪ್ರಾಣಿ ನೋಡುವ ಪ್ರಯಾಣಕ್ಕೆಂದು ಕೊಂಡಿದ್ದ ನನ್ನ ಹುಲ್ಲಿನ ಟೋಪಿ ಕೊಟ್ಟೆ.

"ಅಯ್ಯೋ ಭಾವ, ಬನ್ನಿ ಕೂತ್ಕೊಳಿ, ಎಲ್ರೂ ನೋಡ್ತಿದಾರೆ!"

ನೋಡಲಿ. ಯಜಮಾನರು "ಅಸಾಂಟೆ" ಎಂದು ಧನ್ಯವಾದ ಹೇಳಿ, ಟೋಪಿಯಿಟ್ಟು, ಟೈ ಸರಿಮಾಡಿಕೊಂಡು ಮೈಕಿಗೆ ಬಂದರು. ಅವರ ಕಮಾನು ಓಡಿದಂತೆಲ್ಲ ನನ್ನ ಬೆರಳುಗಳು ಮೇಜಿನ ಅಂಚಿನಲ್ಲಿ ಕ್ಲಾರಿಯೋನೆಟ್ಟಿನ ತೂತು ಹುಡುಕಿದವು. ಬಾರಿಸಿ ಮುಗಿಸಿ, ಟೋಪಿ ತೆಗೆದು, ನನ್ನ ಕಡೆಗೆ ಬಾಗಿದರು.

ಹೊರಡುವಾಗ ಟೋಪಿ ತಂದುಕೊಟ್ಟರು. ಒಳಗೆ ಅವರ ಬೆವರು ಇನ್ನೂ ಬೆಚ್ಚಗಿತ್ತು. ಒರೆಸದೆ ತಲೆಗಿಟ್ಟುಕೊಂಡೆ. ಕಾರು ಹತ್ತಿದ ಮೇಲೂ ತೆಗೆಯಲಿಲ್ಲ.