ಬೆಳ್ಳಿ ರೂಪಾಯಿಯ ಆನೆ

ನಾನು ಚಿಕ್ಕವನಿದ್ದಾಗ ನಮ್ಮ ಮನೆಯ ಕೆಳಗೆ ಚಿನ್ನವಿತ್ತು. ಸುಳ್ಳಲ್ಲ ಮಕ್ಕಳೇ. ನಂದಿದುರ್ಗ ಗಣಿಯ ಕೆಲಸಗಾರರ ಲೈನ್ ಮನೆಗಳಲ್ಲಿ ನಮ್ಮದೂ ಒಂದು. ಬಿದಿರು ತಟ್ಟಿಯ ಗೋಡೆ, ತಗಡಿನ ಸೂರು, ಇದ್ದದ್ದು ಒಂದೇ ಕೋಣೆ. ನಾವು ಚಾಪೆ ಹಾಸಿ ಮಲಗುತ್ತಿದ್ದ ನೆಲದ ಕೆಳಗೆ, ಎಷ್ಟೋ ಆಳದಲ್ಲಿ, ಬಂಡೆಯೊಳಗೆ ಚಿನ್ನದ ಎಳೆ ಹರಿದಿತ್ತು. ಅಪ್ಪ ಅಲ್ಲಿಗೆ ಇಳಿದು ಬಂಡೆ ಕೊರೆಯುವ ಕೆಲಸ ಮಾಡುತ್ತಿದ್ದ. ಒಮ್ಮೊಮ್ಮೆ ಆಳದಲ್ಲಿ ಬಂಡೆ ಬಿರಿದರೆ ಮೇಲೆ ನಮ್ಮ ಮನೆಯ ಹಿತ್ತಾಳೆ ಚೊಂಬುಗಳು ಝಣ್ ಎಂದು ತಮ್ಮಷ್ಟಕ್ಕೆ ತಾವೇ ಮಾತಾಡಿಕೊಳ್ಳುತ್ತಿದ್ದವು. ನಾನು ನಿದ್ದೆಗಣ್ಣಿನಲ್ಲೇ, ಅಪ್ಪ ಕೆಳಗಿನಿಂದ ಬಾಗಿಲು ತಟ್ಟುತ್ತಿದ್ದಾನೆ ಎಂದುಕೊಳ್ಳುತ್ತಿದ್ದೆ.

ಅಷ್ಟು ಚಿನ್ನದ ಮೇಲೆ ಮಲಗುತ್ತಿದ್ದರೂ ಮನೆಯೊಳಗೆ ಚಿನ್ನ ಅಂತ ಇದ್ದದ್ದು ಅಮ್ಮನ ತಾಳಿಯ ಗುಂಡು ಮಾತ್ರ. ಗಣಿಯ ಬಾಗಿಲಲ್ಲಿ ದಿನವೂ ಎಲ್ಲರ ಮೈಯನ್ನು ತಡವಿ ನೋಡಿಯೇ ಹೊರಗೆ ಬಿಡುತ್ತಿದ್ದರು. ಅಪ್ಪ ಮನೆಗೆ ತರುತ್ತಿದ್ದದ್ದು ಬೆವರಿನ ವಾಸನೆ, ಸಿಡಿಮದ್ದಿನ ವಾಸನೆ, ಆಮೇಲೆ ಕಿವಿಯಲ್ಲಿ ಗುಂಯ್ ಅನ್ನುವ ಸದ್ದು. ಕೊರೆಯುವ ಯಂತ್ರದ ಗದ್ದಲಕ್ಕೆ ಅವನ ಕಿವಿ ಅರ್ಧ ಮಂದವಾಗಿತ್ತು. ನಾವು ಮಾತಾಡುವಾಗ ಸ್ವಲ್ಪ ಕೂಗಿಯೇ ಮಾತಾಡಬೇಕಿತ್ತು.

ಆ ವರ್ಷ ಅಕ್ಕನ ಮದುವೆಯಾಗಿತ್ತು. ಗಂಡನ ಮನೆ ಬೂದಿಕೋಟೆ. ಬರುವ ಸೋಮವಾರ ಅವಳನ್ನು ಕಳಿಸಿಕೊಡಬೇಕಿತ್ತು. ನಮ್ಮ ಮನೆತನದಲ್ಲಿ ಒಂದು ಪದ್ಧತಿ ಇತ್ತು. ಹೆಣ್ಣುಮಗಳು ಹೊರಡುವಾಗ ಮಡಿಲಕ್ಕಿಯೊಳಗೆ ಒಂದು ಬೆಳ್ಳಿ ರೂಪಾಯಿ ಇಟ್ಟು ಕಳಿಸಬೇಕು. ಅದನ್ನು ಅವಳು ಖರ್ಚು ಮಾಡುವಂತಿಲ್ಲ, ಕರಗಿಸುವಂತಿಲ್ಲ, ಕೊಂಡಿ ಹಾಕಿಸಿ ಕೊರಳಿಗೆ ಕಟ್ಟುವಂತೆಯೂ ಇಲ್ಲ. ಹೋದ ಮನೆಯ ರಾಗಿ ಮಡಕೆಯಲ್ಲಿ ಅದು ಇರಬೇಕು. ಬೀಸಲಿಕ್ಕೆ ರಾಗಿ ತೆಗೆಯುವಾಗಲೆಲ್ಲ ಬೆರಳಿಗೆ ತಣ್ಣಗೆ ತಾಗಬೇಕು, ತವರು ನೆನಪಾಗಬೇಕು.

ಅಮ್ಮನ ರೂಪಾಯಿ ನಮ್ಮ ಮಡಕೆಯಲ್ಲಿತ್ತು. ಅವರ ತವರಿನವರು ಕೊಡುವಾಗಲೇ ಸವೆದಿತ್ತಂತೆ. ಅದರ ಮೇಲಿರುವುದು ರಾಜನೋ ರಾಣಿಯೋ ಯಾರಿಗೂ ತಿಳಿಯುತ್ತಿರಲಿಲ್ಲ. ಅಪ್ಪ ಅದನ್ನು ನೋಡಿದಾಗಲೆಲ್ಲ ಹೇಳುತ್ತಿದ್ದ, "ನನ್ ಮಗಳಿಗೆ ಮುಖ ಇರೋ ರೂಪಾಯಿ ಕೊಡ್ತೀನಿ. ನೋಡಿದ್ರೆ ನೋಡ್ತಾನೇ ಇರ್ಬೇಕು ಅನ್ನಿಸ್ಬೇಕು." ಆದರೆ ಮದುವೆ ಮುಗಿದ ಮೇಲೆ ಅವನ ಕೈಯಲ್ಲಿ ಉಳಿದದ್ದು ಒಂದೇ ಒಂದು ಬೆಳ್ಳಿ ರೂಪಾಯಿ ಕೊಳ್ಳಲು ಸಾಲುವಷ್ಟು, ಅದೂ ಅಗ್ಗದ್ದಕ್ಕೆ. ಆರಿಸುವಲ್ಲಿ ತಪ್ಪಿದರೆ ಇನ್ನೊಂದು ಕೊಳ್ಳುವ ಮಾತೇ ಇರಲಿಲ್ಲ. ಆ ತಪ್ಪು ಅಕ್ಕನ ಮಡಕೆಯಲ್ಲಿ ಜೀವಮಾನವೆಲ್ಲ ಕೂತಿರುತ್ತಿತ್ತು.

ಭಾನುವಾರ ಬೆಳಿಗ್ಗೆ ಅಪ್ಪ, ಅಕ್ಕ, ನಾನು ರೈಲು ಹತ್ತಿದೆವು. ಕಲ್ಲಿದ್ದಲ ಹೊಗೆ ಕಿಟಕಿಯೊಳಗೆ ನುಗ್ಗಿ ಬಾಯಲ್ಲೆಲ್ಲ ಒಗರು ರುಚಿ. ಒಂದು ಬೆಂಚಿನಲ್ಲಿ ತಮಿಳು, ಇನ್ನೊಂದರಲ್ಲಿ ತೆಲುಗು, ನಡುವೆ ನಮ್ಮ ಕನ್ನಡ, ಎಲ್ಲವೂ ಕಲೆತು, ಇದ್ದಬದ್ದ ತರಕಾರಿಯೆಲ್ಲ ಹಾಕಿದ ಸಂತೆ ಸಾರಿನ ಹಾಗಿತ್ತು. ಹಿಂದೆ ಸರಿಯುತ್ತಿದ್ದ ಸೈನೈಡ್ ಗುಡ್ಡಗಳನ್ನು ನಾನು ನೋಡುತ್ತಾ ಕೂತೆ. ಗಣಿಯ ಗಿರಣಿಯಲ್ಲಿ ಬಂಡೆಯನ್ನು ಪುಡಿಮಾಡಿ, ಚಿನ್ನ ತೆಗೆದುಕೊಂಡು, ಉಳಿದ ಬೂದು ಮಣ್ಣನ್ನು ಸುರಿದು ಸುರಿದು ಆದ ಗುಡ್ಡಗಳು ಅವು. ಬಿಸಿಲಿಗೆ ಅವು ಮಲಗಿದ ಆನೆಗಳ ಹಿಂಡಿನಂತೆ ಕಾಣುತ್ತಿದ್ದವು. ಬೆನ್ನು ಮಾತ್ರ ಕಾಣುವುದು, ಸೊಂಡಿಲು ಎಲ್ಲೋ ಮಣ್ಣಿನಡಿ.

ಬಂಗಾರಪೇಟೆಯ ಬಜಾರಿನಲ್ಲಿ ಹುರಿಗಡಲೆ, ಬೆಲ್ಲ, ಹೊಸ ಹುಣಸೆಹಣ್ಣಿನ ವಾಸನೆ. ಬೆಳ್ಳಿ ಅಂಗಡಿಯ ಶೆಟ್ಟರು ಬಿಳಿ ಹಾಸಿಗೆಯ ಮೇಲೆ ಕೂತಿದ್ದರು. ಕನ್ನಡಕದ ಒಂದು ಕಡ್ಡಿ ಮುರಿದು, ಅದರ ಬದಲು ದಾರ ಕಟ್ಟಿಕೊಂಡಿದ್ದರು. ಅವರ ಮುಂದೆ ಒಂದು ತಟ್ಟೆಯಲ್ಲಿ ಫಳಫಳ ಹೊಳೆಯುವ ರೂಪಾಯಿಗಳು ಸಾಲಾಗಿದ್ದವು. ಪಕ್ಕದ ಬಿದಿರು ಬುಟ್ಟಿಯಲ್ಲಿ ಸವೆದವು, ಕರ್ರಗಾದವು, ಎಲ್ಲಾ ಗುಡ್ಡೆಯಾಗಿ ಬಿದ್ದಿದ್ದವು.

ಅಪ್ಪ ಸೀದಾ ತಟ್ಟೆಗೆ ಕೈ ಹಾಕಿ ಒಂದನ್ನು ಎತ್ತಿದ. ಶೆಟ್ಟರು ಬೆಲೆ ಹೇಳಿದರು. ಅಪ್ಪನಿಗೆ ಕೇಳಿಸಲಿಲ್ಲ. ಅಕ್ಕ ಕಿವಿಯ ಹತ್ತಿರ ಬಾಗಿ ಹೇಳಿದಳು. ಅಪ್ಪ ಆ ರೂಪಾಯಿಯನ್ನು ಬಿಸಿ ಮುದ್ದೆ ಇಳಿಸಿದ ಹಾಗೆ ಮೆಲ್ಲಗೆ ತಟ್ಟೆಗೆ ಇಳಿಸಿದ.

"ಬುಟ್ಟಿಯಾಗಿರೋವು ತೂಕದ ಬೆಲೆಗೆ ಬತ್ತವೆ," ಅಂದರು ಶೆಟ್ಟರು. "ಆರ್ಸ್ಕೊಳ್ಳೋಕೆ ಕಣ್ಣಿರ್ಬೇಕಷ್ಟೆ. ಅವಸರ ಬ್ಯಾಡ. ಅಮ್ಮಾಯಿನೇ ಆರ್ಸ್ಲಿ."

ಅಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಬುಟ್ಟಿಯ ಮುಂದೆ ಕೂತಳು. ಕಾಳು ಹಸನು ಮಾಡುವವಳ ಹಾಗೆ ಒಂದೊಂದನ್ನೇ ಹರಡಿದಳು. ಅಪ್ಪನಿಗೆ ತಾಳ್ಮೆ ಇರಲಿಲ್ಲ. ಗುಡ್ಡೆಯೊಳಗಿಂದ ಎಲ್ಲಕ್ಕಿಂತ ಬೆಳ್ಳಗಿದ್ದ ಒಂದು ರಾಣಿ ರೂಪಾಯಿಯನ್ನು ಎತ್ತಿ ಹಿಡಿದ. "ಇದು ನೋಡಮ್ಮಣ್ಣೀ, ಚಂದ್ರ ಇದ್ದಂಗೈತೆ!"

ಶೆಟ್ಟರು ಅದರ ಅಂಚನ್ನು ತಿರುಗಿಸಿ ತೋರಿಸಿದರು. ಮೇಲೆ, ರಾಣಿಯ ಕಿರೀಟದ ನೇರಕ್ಕೆ, ಒಂದು ಸಣ್ಣ ಬೆಸುಗೆಯ ಗಾಯ. "ಯಾರ್ದೋ ಕೊಳ್ಳಾಗಿದ್ದುದ್ದು. ಕೊಂಡಿ ಕಿತ್ತು, ಚೆನ್ನಾಗಿ ಉಜ್ಜಿ ಮಾರವ್ರೆ. ಬೆಳ್ಳಗೈತೆ ಅಂತ ಮೋಸ ಓಗ್ಬೇಡ. ರಾಣಿ ಮೂಗೇ ಇಲ್ಲ ನೋಡು." ನಿಜ, ರಾಣಿಯ ಮುಖ ಬೇಯಿಸಿದ ಆಲೂಗೆಡ್ಡೆಯಂತೆ ನುಣ್ಣಗಿತ್ತು.

ಆಮೇಲೆ ಅಪ್ಪನ ಕೈಗೆ ಬಂದದ್ದು ಬೋಡುತಲೆಯ ರಾಜ. ಕಿರೀಟವಿಲ್ಲ, ಗಡ್ಡ ಮಾತ್ರ ಇತ್ತು. ಅಕ್ಕ ನೋಡಿದ್ದೇ ಕಿಸಕ್ಕನೆ ನಕ್ಕಳು. "ಅಪ್ಪಾ, ಇದು ಬ್ಯಾಡಪ್ಪಾ! ಥೇಟ್ ನಮ್ ಮಾವನೇ. ಮನೆಯಾಗೂ ಅವ್ರೇ, ಮಡಕೆಯಾಗೂ ಅವ್ರೇನಾ?" ಶೆಟ್ಟರ ಹೊಟ್ಟೆ ಕುಲುಕಿತು. ಅಪ್ಪನಿಗೆ ಮಾತು ಅರ್ಧ ಕೇಳಿಸದಿದ್ದರೂ ಅಕ್ಕ ನಕ್ಕಳಲ್ಲ ಎಂದು ತಾನೂ ನಕ್ಕ.

ಬಿಸಿಲು ಅಂಗಡಿಯ ಹೊಸ್ತಿಲು ದಾಟಿ ಹಾಸಿಗೆಯವರೆಗೂ ಬಂತು. ಆಗ ಅಕ್ಕ ಬುಟ್ಟಿಯ ತಳದಿಂದ ಒಂದನ್ನು ತೆಗೆದಳು. ಸೌದೆ ಒಲೆಯ ಪಾತ್ರೆಯ ತಳದ ಹಾಗೆ ಕರ್ರಗಿತ್ತು. ಅವಳು ಅದಕ್ಕೆ ಹಾ ಎಂದು ಉಸಿರು ಬಿಟ್ಟಳು, ಸೆರಗಿನ ತುದಿಯಿಂದ ಮೆಲ್ಲಗೆ ಒತ್ತಿದಳು, ಬಾಗಿಲ ಬೆಳಕಿಗೆ ಓರೆಯಾಗಿ ಹಿಡಿದಳು. ಇನ್ನಷ್ಟು ಕಣ್ಣಿನ ಹತ್ತಿರಕ್ಕೆ ತಂದಳು.

"ಏನಕ್ಕಾ?" ಎಂದೆ.

"ಲೇ, ಇಲ್ಲಿ ಬಾರ್ಲಾ. ರಾಜನ ಎದೆ ಮ್ಯಾಲೆ ಏನೋ ಐತೆ."

ನಾನು ಕಣ್ಣು ಹತ್ತಿರ ತಂದೆ. ಕಿರೀಟದ ರಾಜ, ಮೈ ತುಂಬ ಕಸೂತಿಯ ನಿಲುವಂಗಿ. ಅದರ ಮೇಲಿನ ಸರದಲ್ಲಿ, ಸಾಸಿವೆಗಿಂತ ಸ್ವಲ್ಪ ದೊಡ್ಡದಾಗಿ, ಒಂದು ಆನೆ! ಕಾಲು, ಕಿವಿ, ಕೆಳಗೆ ಇಳಿದ ಪುಟ್ಟ ಸೊಂಡಿಲು, ಎಲ್ಲವೂ ಇದ್ದವು. ಬೆಳಕಿಗೆ ಅಲುಗಿಸಿದರೆ ಅದು ಕತ್ತಲ ಕಾಡಿನೊಳಗಿಂದ ಒಂದು ಹೆಜ್ಜೆ ಮುಂದಿಟ್ಟ ಹಾಗಾಗುತ್ತಿತ್ತು.

ಶೆಟ್ಟರು ಭೂತಗನ್ನಡಿ ಇಟ್ಟು ನೋಡಿದರು. "ಏನುಗಮ್ಮಾ, ಏನುಗು!" ಎಂದು ಖುಷಿಯಲ್ಲಿ ಆನೆಯನ್ನು ತೆಲುಗಿನಲ್ಲೇ ಕರೆದರು. "ಈ ರಾಜನ ಎಲ್ಲಾ ರೂಪಾಯಿಯಾಗೂ ಮೊದ್ಲು ಸವೆಯೋದೇ ಈ ಆನೆ. ಇದ್ನ ಯಾರೋ ಮುಟ್ಟದೆ ಬಚ್ಚಿಟ್ಟಿದ್ರು. ಕರ್ರಗೈತೆ ಅಂತ ನಾನೂ ನೋಡ್ದೆ ಬುಟ್ಟಿಗೆ ಆಕ್ಬಿಟ್ಟಿವ್ನಿ. ಆಗ್ಲಿ, ಬುಟ್ಟೀದು ಬುಟ್ಟಿ ಬೆಲೆಗೇ."

ಅಪ್ಪ ಮಾತ್ರ ಮುಖ ಸಿಂಡರಿಸಿಕೊಂಡಿದ್ದ. ಬಂಡೆಗೆ ಸಲಾಕೆ ತಟ್ಟಿ ಗಟ್ಟಿಯೋ ಪೊಳ್ಳೋ ಎಂದು ತಿಳಿದು ಬದುಕಿದವನು ಅವನು. ರೂಪಾಯಿಯನ್ನು ಹೊಸ್ತಿಲ ಕಲ್ಲಿನ ಮೇಲೆ ಕುಣಿಸಿ, "ನೀ ಕೇಳ್ಲಾ" ಎಂದು ನನಗೆ ಹೇಳಿದ. ದೂರದ ಗಂಟೆಯ ಹಾಗೆ ನಾದ ಉದ್ದಕ್ಕೆ ಹೋಯಿತು. ನಾನು ತಲೆಯಾಡಿಸಿದೆ. ಆದರೂ ಅವನಿಗೆ ಸಾಲದು. ಅಂಚನ್ನು ಹಲ್ಲಿನಲ್ಲಿ ಹಗುರಾಗಿ ಕಚ್ಚಿ, ಉಗುರಿನಿಂದ ಟಿಂಗ್ ಎನ್ನಿಸಿ, ಕಣ್ಣು ಮುಚ್ಚಿದ. ಕಿವಿಗೆ ಕೇಳದ ನಾದ ದವಡೆಯ ಮೂಳೆಯಲ್ಲಿ ಹರಿದಿರಬೇಕು. ಅವನ ಮುಖ ನಿಧಾನವಾಗಿ ಅರಳಿತು.

"ಬೆಳ್ಳಿ ಒಳ್ಳೇದೇ. ಆದ್ರೆ ಕಾಗೆ ಇದ್ದಂಗೈತಲ್ಲಮ್ಮಾ. ಗಣಿಯೋನು ಮಗಳಿಗೆ ಮಸಿ ಕೊಟ್ಟು ಕಳಿಸ್ದ ಅಂತಾರೆ ಜನ."

"ಮಸಿ ಅಲ್ಲಯ್ಯಾ, ಅದು ಅದರ ವಯಸ್ಸು," ಎಂದು ಶೆಟ್ಟರು ಅವನ ಕಿವಿಯ ಹತ್ತಿರ ಜೋರಾಗಿ ಹೇಳಿದರು. "ಬೂದಿ, ಹುಣಸೆಹಣ್ಣು ಏನೂ ಆಕಿ ಉಜ್ಜಬ್ಯಾಡ. ಇಂಗೇ ಇರ್ಲಿ." ಅಪ್ಪ ಆಗಲಿ ಎಂದು ತಲೆಯಾಡಿಸಿದ. ಅಕ್ಕ ರೂಪಾಯಿಯನ್ನು ಸೆರಗಿನಲ್ಲಿ ಗಂಟು ಹಾಕಿಕೊಂಡು, ಊರು ಬರುವವರೆಗೂ ಆ ಗಂಟನ್ನು ಮುಷ್ಟಿಯಲ್ಲೇ ಹಿಡಿದಿದ್ದಳು.

ಅವತ್ತೇ ಸಂಜೆ ಅಕ್ಕ ರೂಪಾಯಿಯನ್ನು ಅಪ್ಪನ ಕೈಗೆ ಕೊಟ್ಟು, ಲೈನಿನ ಮನೆಗಳಿಗೆ ಹೋಗಿಬರುತ್ತೇನೆಂದು ಹೇಳಲು ಹೊರಟಳು. ಅಮ್ಮ ಒಳಗೆ ಮಡಿಲಕ್ಕಿ ಕಟ್ಟುತ್ತಿದ್ದರು. ಅಪ್ಪ ಹಿತ್ತಲಲ್ಲಿ ಕುಕ್ಕರುಗಾಲಲ್ಲಿ ಕೂತಿದ್ದ. ಮುಂದೆ ತೆಂಗಿನ ನಾರು, ನೀರಿನ ಚೊಂಬು, ಮತ್ತೆ ಒಂದು ಗುಪ್ಪೆ ಬೂದು ಮಣ್ಣು. ಸೈನೈಡ್ ಗುಡ್ಡದ್ದು. ನಾವು ಮಕ್ಕಳು ಮುಟ್ಟಿದರೆ ಅಮ್ಮ ಕೈ ತೊಳೆಸುತ್ತಿದ್ದ ಅದೇ ಮಣ್ಣು. ಅಪ್ಪ ರೂಪಾಯಿಯನ್ನು ಹೆಬ್ಬೆರಳ ಕೆಳಗಿಟ್ಟು ಗರಗರ ಉಜ್ಜುತ್ತಿದ್ದ. ಕಪ್ಪು ಹರಿದು ಹೋಗಿ ಬಿಳುಪು ಮೂಡುವುದನ್ನು ನಾನು ಬಾಯಿ ಬಿಟ್ಟುಕೊಂಡು ನೋಡಿದೆ. ಮೋಡದಿಂದ ಹುಣ್ಣಿಮೆ ಹೊರಬಂದ ಹಾಗಿತ್ತು. ನನಗೇನು ಗೊತ್ತು, ಮೋಡದ ಜೊತೆ ಇನ್ನೇನು ಹರಿದು ಹೋಗುತ್ತಿದೆ ಎಂದು.

ಅಕ್ಕ ಬಂದು ನಿಂತಳು. ಅಪ್ಪ ಹೆಮ್ಮೆಯಿಂದ ಕೈ ಚಾಚಿದ. ಅವಳು ರೂಪಾಯಿಯನ್ನು ಬೆಳಕಿಗೆ ಓರೆ ಮಾಡಿದಳು, ಇನ್ನೊಂದು ಕಡೆಗೆ ಓರೆ ಮಾಡಿದಳು.

ಆನೆಯಿತ್ತು. ಸೊಂಡಿಲು ಇರಲಿಲ್ಲ.

ಅಪ್ಪ ರೂಪಾಯಿಯನ್ನು ಕಣ್ಣಿನ ಹತ್ತಿರ ತಂದು ನೋಡಿದ. ಆಮೇಲೆ ತನ್ನ ಹೆಬ್ಬೆರಳನ್ನು ನೋಡಿಕೊಂಡ, ಸೊಂಡಿಲು ಅಲ್ಲೇನಾದರೂ ಅಂಟಿಕೊಂಡಿದೆಯೇನೋ ಎಂಬಂತೆ.

"ಶೆಟ್ರು ಬ್ಯಾಡ ಅಂದಿದ್ರಲ್ಲಪ್ಪಾ," ಎಂದಳು ಅಕ್ಕ.

"ಬೂದಿಯಾಗೆ ಬ್ಯಾಡ ಅಂದ್ರು," ಎಂದ ಅಪ್ಪ. ಅವನ ದನಿ ನನಗೇ ಸರಿಯಾಗಿ ಕೇಳಿಸಲಿಲ್ಲ. "ಇದು ಚಿನ್ನದ ಮಣ್ಣಲ್ವಾ ಅಮ್ಮಣ್ಣೀ. ಇದ್ರಾಗೆ ಇನ್ನೂ ಒಂಚೂರು ಉಳ್ಕೊಂಡಿರ್ತದೆ ಅಂತಾರೆ. ಇಷ್ಟ್ ವರ್ಷ ಕೆಳಗಿಳ್ದು ಎಷ್ಟ್ ಚಿನ್ನ ಮ್ಯಾಲೆ ಕಳಿಸ್ದೆ. ನಿನಗೆ ಒಂದ್ ಚೂರು ಕೊಡೋಕಾಗ್ಲಿಲ್ಲ. ಒಂದೇ ಒಂದ್ ಕಣ ಇದಕ್ಕೆ ಅಂಟ್ಕೊಂಡ್ರೂ ಸಾಕು ಅಂತ…"

ಅಕ್ಕ ಅವನ ಮುಂದೆ ನೆಲದ ಮೇಲೆ ಕೂತುಬಿಟ್ಟಳು. ಬಹಳ ಹೊತ್ತು ರೂಪಾಯಿಯನ್ನೇ ನೋಡಿದಳು. ನೋಡುತ್ತಾ ನೋಡುತ್ತಾ ಅವಳಿಗೆ ನಗು ಬಂತು, ನಗುವಿನ ಬೆನ್ನಿಗೇ ಕಣ್ಣೀರು. "ಅಪ್ಪಾ, ಬೆಳಿಗ್ಗೆ ಆನೆ ತಂದ್ಯಲ್ಲಾ, ಸಂಜೆಗೆ ಅಂದಿ ಮಾಡ್ಬಿಟ್ಯಲ್ಲಾ!" ಎಂದು ಅವನ ಕಿವಿಯಲ್ಲಿ ಕೂಗಿದಳು. ಸೊಂಡಿಲಿಲ್ಲದ ಆ ಆನೆ ನಿಜಕ್ಕೂ ಹಂದಿಮರಿಯ ಹಾಗೇ ಇತ್ತು. ಅಪ್ಪನಿಗೆ ನಗಬೇಕೋ ಬೇಡವೋ ತಿಳಿಯಲಿಲ್ಲ. ಮಣ್ಣಾದ ಕೈಯನ್ನು ಅವಳ ತಲೆಯ ಮೇಲೆ ಇಡಲು ಹೋಗಿ, ಮಣ್ಣೆಂದು ಹಿಂದೆ ತೆಗೆದ. ಅಕ್ಕ ಆ ಕೈಯನ್ನು ಎಳೆದು ತಾನೇ ತಲೆಯ ಮೇಲೆ ಇಟ್ಟುಕೊಂಡಳು.

"ಇನ್ನೊಂದ್ ಕಡೆ ಉಜ್ಜಬ್ಯಾಡ," ಎಂದಳು. "ಅದು ಅಂಗೇ ಕರ್ರಗಿರ್ಲಿ. ಕೆಳಗಿನ ಕತ್ಲು ಒಂದ್ ಕಡೆ, ಮ್ಯಾಲಿನ ಬೆಳಕು ಒಂದ್ ಕಡೆ. ನಿನ್ ಶಿಫ್ಟು ಇದ್ದಂಗೆ."

ಸೋಮವಾರ ಅವಳು ಬೂದಿಕೋಟೆಯ ಬಸ್ಸು ಹತ್ತುವಾಗ ಮಡಿಲಲ್ಲಿ ಅದೇ ರೂಪಾಯಿ ಇತ್ತು. ಸೊಂಡಿಲು ಸವೆದು ಬೆರೆತು ಹಿತ್ತಲಲ್ಲಿ ಉಳಿದಿದ್ದ ಮಣ್ಣನ್ನು ಅಪ್ಪ ಚರಂಡಿಗೆ ಚೆಲ್ಲಲಿಲ್ಲ. ಬೊಗಸೆಯಲ್ಲಿ ತುಂಬಿಕೊಂಡು ಹೋಗಿ ಗುಡ್ಡದ ಬುಡಕ್ಕೇ ಸುರಿದು ಬಂದ. ಸಂಜೆ ಬಿಸಿಲಿಗೆ ಆ ಗುಡ್ಡ ಮಿಣುಕಿದಾಗಲೆಲ್ಲ, ಅಗೋ ನಮ್ಮ ಆನೆಯ ಬೆಳ್ಳಿ ಸೊಂಡಿಲು ಅಂದುಕೊಂಡೇ ನಾನು ದೊಡ್ಡವನಾದೆ. ಐದನೇ ಕ್ಲಾಸಿಗೆ ಸ್ಕೂಲು ಬಿಟ್ಟು ವರ್ಕ್‌ಶಾಪಿಗೆ ಸೇರಿ ನನ್ನ ಕೈಯಿಂದ ನಾನು ದುಡಿದು ತಿಂದವನು. ಆದರೂ ಆ ನಂಬಿಕೆಯನ್ನು ಮಾತ್ರ ಬಿಡಲಿಲ್ಲ.

ಮಕ್ಕಳೇ, ಈಗ ಗಣಿ ಮುಚ್ಚಿದೆ, ಅದರ ಸೈರನ್ ಕೂಗುವುದಿಲ್ಲ. ನೀವು ಯುಗಾದಿಗೆ ಸಿಕ್ಕ ದುಡ್ಡು ಕೂಡಿಟ್ಟು, ಫೋನಿನಲ್ಲೇ ಹುಡುಕಿ, ಅಂಥದೇ ಆನೆಯಿರುವ ಒಂದು ಬೆಳ್ಳಿ ರೂಪಾಯಿ ತರಿಸಿದಿರಿ. ನಿಮ್ಮ ಆನೆಯನ್ನು ಪರದೆಯ ಮೇಲೆ ಎರಡು ಬೆರಳಿನಿಂದ ಹಿಗ್ಗಿಸಿದರೆ ಅಂಗೈಯಗಲ ಆಗುತ್ತದೆ. ಸೊಂಡಿಲಿನ ಸುಕ್ಕೂ ಕಾಣುತ್ತದೆ. ಗಾಜಿನಂಥ ಡಬ್ಬಿಯಲ್ಲಿ ಭದ್ರವಾಗಿ ಬಂದಿದೆ, ಯಾರೂ ಮುಟ್ಟುವಂತಿಲ್ಲ. ಚೆನ್ನಾಗಿ ಆರಿಸಿದ್ದೀರಿ. ಹೊಳಪಿಗೆ ಮರುಳಾಗದೆ ಕರ್ರಗಿದ್ದುದನ್ನೇ ತೆಗೆದುಕೊಂಡಿರಲ್ಲ, ಶೆಟ್ಟರು ಇದ್ದಿದ್ದರೆ ಹೊಟ್ಟೆ ಕುಲುಕಿಸಿ ನಗುತ್ತಿದ್ದರು.

ಮೊನ್ನೆ ಬೂದಿಕೋಟೆಯಿಂದ ಅಕ್ಕ ಬಂದಿದ್ದಾಗ ಸೆರಗಿನ ಗಂಟು ಬಿಚ್ಚಿ ತನ್ನ ರೂಪಾಯಿಯನ್ನು ನಿಮ್ಮ ಕೈಗೇ ಕೊಟ್ಟಳು, ನೆನಪಿದೆಯಾ? ನಿಮ್ಮಲ್ಲಿ ಚಿಕ್ಕವಳು ಕೇಳಿದ್ದು, "ಅಜ್ಜೀ, ಇದು ಅಂದೀನಾ?"

ಅಕ್ಕ ಹಲ್ಲಿಲ್ಲದ ಬಾಯಿ ತುಂಬ ನಕ್ಕಳು. "ಆನೆನೇ ಕಣಮ್ಮಾ. ಸೊಂಡ್ಲು ನಮ್ಮಪ್ಪನ ತಾವ ಬಿಟ್ಟು ಬಂದೈತೆ."

ಆಮೇಲೆ ಅವಳು ಅದನ್ನು ನೆಲದ ಮೇಲೆ ಕುಣಿಸಿದಳು. ಉದ್ದಕ್ಕೆ ಹೋದ ಆ ನಾದ ಮುಗಿಯುವವರೆಗೂ ನೀವು ಯಾರೂ ಉಸಿರಾಡಲಿಲ್ಲ. ನಾನು ಕಿಟಕಿಯಾಚೆ ನೋಡುತ್ತಿದ್ದೆ. ದೂರದಲ್ಲಿ, ಬೂದು ಗುಡ್ಡದ ನೆತ್ತಿಯ ಮೇಲೆ, ಏನೋ ಒಂದು ಮಿಣುಕಿತು.