ಅಪ್ಪನ ಹೆಸರಿನ ಕೆಳಗೆ ಇನ್ನೊಂದು ಹೆಸರು

“ನಾ ಇನ್ನೂ ಜೀವಂತ ಅದೀನ್ರಿ ಫಾದರ್!”

ಹೋದ ವರ್ಷ ಗೋಕಾಕದ ನಮ್ಮ ಚರ್ಚಿನಲ್ಲಿ ಮೃತರ ಸ್ಮರಣೆಯ ಪೂಜೆ ನಡೆದಿತ್ತು. ತೀರಿಕೊಂಡವರ ಹೆಸರು ಬರೆದು ಕೊಟ್ಟ ಚೀಟಿಗಳನ್ನು ಫಾದರ್ ಓದುತ್ತಿದ್ದರು. ನನ್ನ ಅಪ್ಪ ಅಂತೋನಿಯ ಹೆಸರಿನ ಹಿಂದೆಯೇ ‘ಕುಲಗೋಡದ ಭೀಮಪ್ಪ’ ಎಂದು ಓದಿದಾಗ ಕೊನೆಯ ಬೆಂಚಿನಿಂದ ಬಂದ ಕೂಗು ಅದು. ತಿರುಗಿ ನೋಡಿದರೆ, ಕುರಿ ಕಾಯುವ ಭೀಮಪ್ಪ ಕಾಕಾ ರುಮಾಲು ಕೈಯಲ್ಲಿ ಹಿಡಿದು ಗಾಬರಿಯಾಗಿ ನಿಂತಿದ್ದರು. ಅಪ್ಪ ದನದ ದವಾಖಾನೆಯಲ್ಲಿ ಕೆಲಸಕ್ಕಿದ್ದವರು. ಕಾಕಾನ ಕುರಿಗಳಿಗೆ ಔಷಧ ಕುಡಿಸುತ್ತಲೇ ಇಬ್ಬರ ಗೆಳೆತನ ಬೆಳೆದಿತ್ತು.

ಆಗಿದ್ದಿಷ್ಟೇ. ಗುಡಿಯಲ್ಲಿ ಪೂಜೆ ಮಾಡಿಸುವವರು ತಮ್ಮ ಹೆಸರು ಹೇಳುತ್ತಾರಲ್ಲ, ಹಾಗೆಯೇ ಕಾಕಾ ಚೀಟಿಯಲ್ಲಿ ಅಪ್ಪನ ಹೆಸರಿನ ಕೆಳಗೆ ತಮ್ಮದನ್ನೂ ಬರೆಸಿದ್ದರು. ಚರ್ಚಿಗೆ ಚರ್ಚೇ ನಕ್ಕಿತು. ಫಾದರ್ ಕೂಡ ನಗು ತಡೆಯಲಾಗದೆ, “ಹಂಗಾದ್ರ ನಿಮಗ ನೂರು ವರ್ಷ ಆಯುಷ್ಯ ಬೇಡ್ಕೊಳ್ಳೂಣು, ಕುಂದರ್ರಿ” ಎಂದರು.

ಪೂಜೆ ಮುಗಿದ ಮೇಲೆ ಕಾಕಾ ಮುಖ ಸಣ್ಣದು ಮಾಡಿಕೊಂಡು ನನ್ನ ಬಳಿ ಬಂದರು. “ಪೂಜಿ ಮಾಡಿಸಿದವ ಯಾರಂತ ನಿಮ್ಮಪ್ಪಗ ಗೊತ್ತಾಗಬ್ಯಾಡೇನವಾ?”

ಈ ವರ್ಷವೂ ಕಾಕಾ ಬಸ್ ಹಿಡಿದು ಬಂದಿದ್ದರು. ಚೀಟಿ ನಾನೇ ಬರೆದೆ. ಅಪ್ಪನ ಹೆಸರಿನ ಕೆಳಗೆ, ‘ಪೂಜೆ ಮಾಡಿಸಿದವರು ಗೆಳೆಯ ಭೀಮಪ್ಪ, ಇನ್ನೂ ಗಟ್ಟಿಮುಟ್ಟಾಗಿದ್ದಾರೆ’ ಎಂದು ಸೇರಿಸಿದೆ. ಫಾದರ್ ಒಂದಕ್ಷರ ಬಿಡದೆ ಓದಿದರು.