ಅವಳ ರಾಕೆಟ್ಟಿನಲ್ಲಿ ಕಂಡ ಇನ್ನೊಂದು ಕೈ

ಅಶ್ವಿನಿಯ ಹಿಂದೆ ಇನ್ನೊಬ್ಬ ಗಂಡಸಿದ್ದಾನೆ ಎಂದು ಹೇಳಿದವನು ನಾನು. ಅಂಥವನು ಯಾರೂ ಇರಲಿಲ್ಲ. ಇರಲಿಲ್ಲವೆಂದು ನನಗೆ ಬೇಗನೆ ಗೊತ್ತೂ ಆಯಿತು — ಆಮೇಲೂ ಬಾಯಿ ಬಿಡಲಿಲ್ಲ. ಹೇಳಿದ್ದು ಒಂದು ತಪ್ಪು. ಗೊತ್ತಾದ ಮೇಲೂ ವರ್ಷಗಟ್ಟಲೆ ಸುಮ್ಮನಿದ್ದದ್ದು ಅದಕ್ಕಿಂತ ದೊಡ್ಡದು. ಎರಡನ್ನೂ ಮೊದಲೇ ಹೇಳಿಬಿಡುತ್ತಿದ್ದೇನೆ. ಬರೆಯುತ್ತ ಹೋದಂತೆ ನಾನು ಮೆಲ್ಲಗೆ ನನ್ನ ಕಡೆಗೇ ವಾಲುತ್ತೇನೇನೋ ಎಂಬ ಗುಮಾನಿ ನನಗಿದೆ.

ಗುಮಾನಿ ನನ್ನ ಹುಟ್ಟುಗುಣ. ಹಾಲಿನವನು ನಗುತ್ತ ಹಾಲು ಹಾಕಿದರೆ ಇವತ್ತು ನೀರು ಜಾಸ್ತಿ ಎಂದುಕೊಳ್ಳುವವನು ನಾನು. ಆಟೋದವನು ನಾನು ಹೇಳಿದ ರೇಟಿಗೆ ತಕ್ಷಣ ಒಪ್ಪಿದರೆ ನಿಲ್ದಾಣ ಬರುವವರೆಗೂ ಮನಸ್ಸಿಗೆ ಸಮಾಧಾನವಿಲ್ಲ. ಹೊಟ್ಟೆಪಾಡೂ ಅದಕ್ಕೆ ತಕ್ಕಂತೆಯೇ ಸಿಕ್ಕಿತು. ರಾಣೆಬೆನ್ನೂರಿನ ಒಂದು ಬೀಜದ ಕಂಪನಿಯಲ್ಲಿ ನಾನು ಫೀಲ್ಡ್ ಸೂಪರ್‌ವೈಸರ್. ಐರಣಿ ಕಡೆ ಹೊಳೆದಂಡೆಯ ಹೊಲಗಳಲ್ಲಿ ನಮ್ಮ ಬೀಜದ ಪ್ಲಾಟುಗಳಿವೆ. ಸಾಲು ಸಾಲು ತಿರುಗಿ ಬೆರಕೆ ಗಿಡಗಳನ್ನು ಹುಡುಕುವುದು, ಅವು ಹೂ ಬಿಡುವ ಮೊದಲೇ ಕೀಳಿಸುವುದು ನನ್ನ ಕೆಲಸ. ಬೆರಕೆ ಎಂದರೆ ಹೊರಗಿನ ಪರಾಗ ತಾಗಿ ಹುಟ್ಟಿದ್ದು. ಅದನ್ನು ಹುಡುಕುವಾಗ ಸೊರಗಿದ ಗಿಡವನ್ನು ನೋಡುವುದಲ್ಲ — ಅಕ್ಕಪಕ್ಕದವಕ್ಕಿಂತ ಎತ್ತರವಾಗಿ, ಹುಲುಸಾಗಿ ನಿಂತ ಗಿಡದ ಮೇಲೆ ಮೊದಲು ಕಣ್ಣಿಡಬೇಕು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಸೀನಿಯರ್ ಒಬ್ಬರು ಹೇಳಿಕೊಟ್ಟಿದ್ದರು:

“ಡೌಟ್ ಬಂತಂದ್ರ ವಿಚಾರ ಮಾಡ್ಕೋತ ನಿಂದರಬ್ಯಾಡ, ಕಿತ್ತ ಒಗಿ. ಒಂದ ಗಿಡ ಹ್ವಾದ್ರ ಹೋಗಲಿ, ಪ್ಲಾಟ್ ಉಳೀತೈತಿ.”

ಹೊಲದಲ್ಲಿ ಅದು ಸರಿಯಾದ ಮಾತೇ. ಅದನ್ನು ಹೊಲದಲ್ಲೇ ಬಿಟ್ಟು ಮನೆಗೆ ಬರಬೇಕಿತ್ತು.

ಅಶ್ವಿನಿಯನ್ನು ನೋಡಲು ನಾವು ಬ್ಯಾಡಗಿಗೆ ಹೋದದ್ದು ಮೆಣಸಿನಕಾಯಿ ಸುಗ್ಗಿಯಲ್ಲಿ. ಊರಿಗೆ ಊರೇ ಸೀನುತ್ತಿತ್ತು. ಸಂಬಂಧ ತಂದವರು ನನ್ನ ಸೋದರಮಾವ, ವೀರಣ್ಣ ಮಾಮಾ. ಅಲ್ಲಿನ ಮಾರ್ಕೆಟ್ಟಿನ ಹತ್ತಿರ ಅವರದು ಗೋಣಿಚೀಲದ ಅಂಗಡಿ, ಆದರೆ ಚೀಲಕ್ಕಿಂತ ಹೆಚ್ಚು ಸಂಬಂಧ ಕೂಡಿಸುವುದರಲ್ಲಿ ಅವರಿಗೆ ಹೆಸರು. ಹುಡುಗಿ ಬಿಎಸ್ಸಿ ಓದಿ, ಮೆಣಸಿನಕಾಯಿಯಿಂದ ಬಣ್ಣ ತೆಗೆಯುವ ಫ್ಯಾಕ್ಟರಿಯೊಂದರ ಲ್ಯಾಬಿನಲ್ಲಿ ಕೆಲಸಕ್ಕಿದ್ದಳು. ಅವಲಕ್ಕಿ, ಚಹಾ ಆದ ಮೇಲೆ ಹಿರಿಯರು ನಮ್ಮಿಬ್ಬರನ್ನು ಮಾಳಿಗೆಗೆ ಕಳಿಸಿದರು. ಬಿಡುವಿದ್ದಾಗ ಏನು ಮಾಡುತ್ತೀರಿ ಎಂದು ಕೇಳಿದಳು. ಕ್ರಿಕೆಟ್ ಎಂದು ಹೇಳಬಹುದಿತ್ತು. ಅದೇಕೋ ನಿಜ ಹೇಳಿದೆ — ಕಂಪ್ಯೂಟರಿನಲ್ಲಿ ರಾಕೆಟ್ ಕಟ್ಟಿ ಹಾರಿಸುವ ಆಟ ಆಡುತ್ತೇನೆ ಎಂದೆ. ಎಂಜಿನ್, ಇಂಧನದ ಟ್ಯಾಂಕು, ರೆಕ್ಕೆ ಎಲ್ಲವನ್ನೂ ನಾವೇ ಜೋಡಿಸಬೇಕು, ಒಳಗೊಬ್ಬ ಪುಟ್ಟ ಯಾತ್ರಿಯನ್ನು ಕೂರಿಸಬೇಕು, ಅವನು ಕೆಳಗೆ ಬೀಳದೆ ಭೂಮಿಯ ಸುತ್ತ ತಿರುಗುವಂತೆ ಮಾಡಬೇಕು. ಮದುವೆ ವಯಸ್ಸಿಗೆ ಬಂದ ಗಂಡಸು ಹೇಳಿಕೊಳ್ಳುವ ಮಾತಲ್ಲ. ನಗುತ್ತಾಳೆಂದು ಕಾದೆ.

“ತೂಕ ಎಷ್ಟರಿ ನಿಮ್ಮ ರಾಕೆಟ್ಟು?” ಅಂದಳು.

ಅಷ್ಟಕ್ಕೇ ನನಗವಳು ಹಿಡಿಸಿಬಿಟ್ಟಳು. ಇದನ್ನು ನಾನು ಯಾರ ಮುಂದೆಯೂ ಹೇಳಿರಲಿಲ್ಲ, ಈಗ ಹೇಳುತ್ತಿದ್ದೇನೆ.

ಎರಡೂ ಮನೆಯವರು ಒಪ್ಪಿದರು, ನಿಶ್ಚಯ ಸುಗ್ಗಿ ಮುಗಿದ ಮೇಲೆ ಎಂದಾಯಿತು. ಆ ನಡುವೆ ಫೋನಿನಲ್ಲಿ ಮಾತಾಡಲು ನಮಗೆ ಪರವಾನಗಿ ಸಿಕ್ಕಿತು. ನಾವು ಮಾತಾಡಿದ್ದೆಲ್ಲ ತೂಕದ್ದೇ. ಅವಳೂ ಮನೆಯ ಕಂಪ್ಯೂಟರಿಗೆ ಆ ಆಟ ಹಾಕಿಸಿಕೊಂಡಳು. ನೋಡಿ ಕಲಿಯಲಿ ಎಂದು ನಾನು ಹಿಂದೆ ಮಾಡಿದ್ದ ಒಂದಿಷ್ಟು ರಾಕೆಟ್ಟುಗಳನ್ನು ಕಳಿಸಿಕೊಟ್ಟೆ. ಆಮೇಲೆ ಪಂದ್ಯ ಹೂಡಿದೆವು — ಒಬ್ಬ ಯಾತ್ರಿಯನ್ನು ಕಕ್ಷೆಗೆ ಮುಟ್ಟಿಸುವ ಎಲ್ಲಕ್ಕಿಂತ ಹಗುರ ರಾಕೆಟ್ ಯಾರದು? ಭಾರ ಹೆಚ್ಚಿದ್ದರೆ ಇಂಧನ ಹೆಚ್ಚು ಬೇಕು, ಇಂಧನ ಹೆಚ್ಚಿದರೆ ಮತ್ತೆ ಭಾರ ಹೆಚ್ಚು. ಹೀಗಾಗಿ ಸೇರಿಸುವುದಕ್ಕಿಂತ ತೆಗೆಯುವುದರಲ್ಲೇ ಜಾಣತನವಿದೆ. ನಾನು ಗ್ರಾಂ ಗ್ರಾಂ ಲೆಕ್ಕದಲ್ಲಿ ತೆಗೆಯುತ್ತಿದ್ದೆ. ಅವಳು ಯಾತ್ರಿ ಕೂರುವ ಕೋಣೆಯನ್ನೇ ತೆಗೆದುಹಾಕಿ, ಅವನನ್ನು ಬಯಲಲ್ಲಿ ಒಂದು ಬರಿಯ ಕುರ್ಚಿಯ ಮೇಲೆ ಕೂರಿಸಿದಳು. ಗಾಳಿ ಹೊಡೆಯುವುದಿಲ್ಲವೇ ಎಂದೆ. ಹೆಲ್ಮೆಟ್ ಹಾಕ್ಯಾನಲ್ರಿ ಎಂದಳು.

ಆ ದಿನಗಳಲ್ಲಿ ನಾನು ಖುಷಿಯಾಗಿದ್ದೆ. ಪ್ಲಾಟಿನಲ್ಲಿ ನಿಂತಾಗಲೂ ಟ್ಯಾಂಕು, ಎಂಜಿನ್ನು ಇವೇ ತಲೆಯಲ್ಲಿ. ಅಷ್ಟರಲ್ಲಿ ಒಂದು ಭಾನುವಾರ ಅವಳು ಹೊಸ ರಾಕೆಟ್ ಕಳಿಸಿದಳು. ತೂಕ ನೋಡಿದೆ — ನನ್ನ ಅತಿ ಹಗುರ ರಾಕೆಟ್ಟಿನ ಅರ್ಧವೂ ಇರಲಿಲ್ಲ.

ಮೆಚ್ಚಬೇಕಿತ್ತು. ಎದೆಯಲ್ಲಿ ಎದ್ದದ್ದು ಬೇರೆಯೇ — ಇದು ಹೇಗೆ ಸಾಧ್ಯ? ಮೊನ್ನೆ ಮೊನ್ನೆ ಕಲಿತವಳು. ನಾನು ವರ್ಷಗಳಿಂದ ಆಡುತ್ತಿರುವವನು. ಹಾರಿಸಿ ನೋಡಿದೆ, ಸಮುದ್ರಕ್ಕೆ ಬಿತ್ತು. ಫೋನ್ ಮಾಡಿದೆ. ಅವಳು ನಗುತ್ತಲೇ ಹೇಳಿದಳು:

“ನೀವು ನೆಟ್ಟಗ ಹಾರಿಸೀರಿ ಹೌದಲ್ಲ? ಹಂಗ ಮಾಡಬ್ಯಾಡ್ರಿ. ನೆಲಾ ಬಿಟ್ಟ ಕೂಡ್ಲೆ ಮೂಡಣಕ್ಕ ಬಗ್ಗಸ್ರಿ. ಇಂಧನ ಮುಗದ ಮ್ಯಾಲೆ ಅವನ್ನ ಕುರ್ಚಿ ಬಿಡಿಸಿ ಹೊರಗ ಇಳಸ್ರಿ. ಬೆನ್ನಿಗೆ ಗ್ಯಾಸಿನ ಚೀಲ ಐತಲ್ಲ, ಉಳದ ಹಾದಿ ತಾನ ಹೋಗ್ತಾನ. ಕಕ್ಷೆ ಮುಟ್ಟಬೇಕಾದವ ಮನಿಷ್ಯಾ ಹೌದಲ್ರಿ, ಕುರ್ಚಿ ಅಲ್ಲಲ್ಲ?”

ಎಷ್ಟು ಸರಳ. ನನಗೆ ಹೊಳೆದಿರಲಿಲ್ಲ. ನನಗೆ ಹೊಳೆಯದ್ದು ಅವಳಿಗೆ ಹೊಳೆದಿದೆ ಎಂದರೆ — ಇಲ್ಲಿ ನನ್ನ ಬುದ್ಧಿ ಬೀಜದ ಪ್ಲಾಟಿಗೆ ಹೋಯಿತು. ಉಳಿದೆಲ್ಲಕ್ಕಿಂತ ಎತ್ತರವಾಗಿ ನಿಂತ ಗಿಡ. ಹೊರಗಿನಿಂದ ಏನೋ ತಾಗಿದೆ.

ಅವಳು ಹೇಳಿದ ಹಾಗೆ ಇನ್ನೊಮ್ಮೆ ಹಾರಿಸಿ ನೋಡುವ ಬದಲು ರಾಕೆಟ್ಟಿನ ಒಂದೊಂದು ಭಾಗವನ್ನೂ ಬಿಚ್ಚಿ ತನಿಖೆಗೆ ಕೂತೆ. ಬುಡದಲ್ಲಿ ಮೂರು ಪುಟ್ಟ ರೆಕ್ಕೆಗಳಿದ್ದವು. ಒಂದನ್ನು ಕೂದಲೆಳೆಯಷ್ಟು ಓರೆಯಾಗಿ ಕೂರಿಸಲಾಗಿತ್ತು. ಎಂಜಿನ್ ಸ್ವಲ್ಪ ವಾರೆಯಾಗಿದ್ದು ರಾಕೆಟ್ ಬುಗುರಿಯ ಹಾಗೆ ತಿರುಗತೊಡಗಿದರೆ, ಹಳೆಯ ಆಟಗಾರರು ಹೀಗೆ ಒಂದು ರೆಕ್ಕೆಯನ್ನು ಓರೆ ಮಾಡಿ ಸರಿದೂಗಿಸುತ್ತಾರೆ. ಹೊಸಬರಿಗೆ ಇದು ತಿಳಿಯುವಂಥದ್ದಲ್ಲ. ಸಿಕ್ಕಿಬಿದ್ದಳು ಎಂದುಕೊಂಡೆ. ಇದು ಬೇರೆ ಯಾರದೋ ಕೈ, ಪಳಗಿದ ಕೈ — ಗಂಡಸಿನದೇ ಎಂದೂ ತೀರ್ಮಾನಿಸಿದೆ. ಗಂಡಸಿನದೇ ಏಕೆ ಎಂದು ನನ್ನನ್ನು ನಾನು ಕೇಳಿಕೊಳ್ಳಲೂ ಇಲ್ಲ.

ಮತ್ತೆ ಫೋನ್ ಮಾಡಿದೆ. “ಇದನ್ನ ಯಾರು ಮಾಡಿಕೊಟ್ರು?”

ಅವಳು ತಮಾಷೆಯೆಂದು ತಿಳಿದಳು. ನಾನು ಅದನ್ನೇ ಇನ್ನೊಮ್ಮೆ ಕೇಳಿದೆ. ಆಗ ದನಿ ಬದಲಾಯಿತು. “ಯಾರ ಮಾಡಿಕೊಡ್ತಾರ್ರಿ? ನಾನ ಮಾಡೇನಿ.” ಲ್ಯಾಬಿನಲ್ಲಿ ಜೊತೆಗೆ ಕೆಲಸ ಮಾಡುವವರು ಯಾರು ಯಾರು ಎಂದು ಕೇಳಿದೆ. ಅವಳು ಉತ್ತರ ಕೊಡಲಿಲ್ಲ, ಫೋನ್ ಇಟ್ಟಳು. ಕೋಪ ಬಂದು ಇಟ್ಟಳು ಎಂದು ಈಗ ತಿಳಿಯುತ್ತದೆ, ಆಗ ಅದೂ ಒಂದು ಸಾಕ್ಷಿಯಾಗಿ ಕಂಡಿತು. ಅನುಮಾನದವನಿಗೆ ಉತ್ತರ ಕೊಟ್ಟರೂ ಸಾಕ್ಷಿ, ಕೊಡದಿದ್ದರೂ ಸಾಕ್ಷಿ.

ನನ್ನ ಮುಖ ನೋಡಿ ಅವ್ವ ಏನಾಯಿತೆಂದು ಕೇಳಿದಳು. ರಾಕೆಟ್ಟು, ರೆಕ್ಕೆ ಎಂದರೆ ಅವ್ವನಿಗೆ ಏನು ತಿಳಿಯಬೇಕು? ಅದಕ್ಕೇ ನಾನು ಎಲ್ಲವನ್ನೂ ಒಂದು ಮಾತಿಗೆ ಇಳಿಸಿದೆ. “ಅಕಿ ಹಿಂದ ಯಾರೋ ಒಬ್ಬಾಂವ ಅದಾನ ಅನಸ್ತೈತೆವ್ವಾ,” ಎಂದೆ. ಅನಸ್ತೈತಿ ಎಂದೇ ಹೇಳಿದ್ದೆ — ನೋಡಿ, ವಾಲುತ್ತಿದ್ದೇನೆ. ಅವ್ವ ವೀರಣ್ಣ ಮಾಮಾಗೆ ಹೇಳುವಾಗ ಆ ‘ಅನಸ್ತೈತಿ’ ಉದುರಿಹೋಯಿತು. ಉದುರುತ್ತದೆಂದು ನನಗೆ ಗೊತ್ತಿತ್ತು. ಮಾಮಾ ಹುಡುಗಿಯ ತಂದೆಗೆ, ಹುಡುಗನಿಗೆ ಇಷ್ಟು ಬೇಗ ಮದುವೆ ಬೇಡವಂತೆ ಎಂದು ಮರ್ಯಾದೆಯಿಂದಲೇ ತಿಳಿಸಿದರು. ಆದರೆ ಅಂಗಡಿಗೆ ಬಂದು ಕೂರುವವರು, ಕೂಡಿದ ಸಂಬಂಧ ಯಾಕೆ ಮುರಿಯಿತು ಎಂದು ಕೇಳದೆ ಬಿಡುವವರೇ?

ಕೆಲವು ವಾರಗಳ ನಂತರ ಒಂದು ಮಧ್ಯಾಹ್ನ ನನ್ನ ಹಳೆಯ ರಾಕೆಟ್ಟುಗಳನ್ನು ಅಳಿಸುತ್ತ ಕೂತಿದ್ದೆ. ಅಳಿಸುವ ಮುಂಚೆ ಎಲ್ಲಕ್ಕಿಂತ ಮೊದಲು ಕಟ್ಟಿದ್ದನ್ನು ಸುಮ್ಮನೆ ತೆರೆದೆ. ದಪ್ಪಗೆ, ಗುಡಾಣದ ಹಾಗಿದ್ದ ರಾಕೆಟ್ಟು. ಬುಡದಲ್ಲಿ ಮೂರು ರೆಕ್ಕೆ. ಒಂದು ಕೂದಲೆಳೆಯಷ್ಟು ಓರೆ.

ಅವಳ ರಾಕೆಟ್ಟನ್ನು ಪಕ್ಕಕ್ಕೆ ತೆರೆದೆ. ಅದೇ ರೆಕ್ಕೆ, ಅದೇ ಓರೆ. ನಾನೇ ಎಂದೋ ಓರೆ ಮಾಡಿ ಮರೆತದ್ದು. ನಾನು ಕಳಿಸಿದ್ದ ಅದೇ ರಾಕೆಟ್ಟನ್ನು ಇಟ್ಟುಕೊಂಡು ಬೇಡದ್ದನ್ನೆಲ್ಲ ತೆಗೆಯುತ್ತ ಬಂದು ಅವಳು ತನ್ನದನ್ನು ಮಾಡಿದ್ದಳು. ನಾನು ಪತ್ತೆ ಹಚ್ಚಿದ ಆ ಇನ್ನೊಬ್ಬ ಗಂಡಸು — ನಾನೇ.

ಆಗ ಅವಳು ಹೇಳಿದಂತೆಯೇ ಹಾರಿಸಿದೆ. ನೆಲ ಬಿಟ್ಟ ಕೂಡಲೇ ಮೂಡಣಕ್ಕೆ ಬಗ್ಗಿಸಿ, ಇಂಧನ ಮುಗಿದ ಮೇಲೆ ಯಾತ್ರಿಯನ್ನು ಕುರ್ಚಿಯಿಂದ ಇಳಿಸಿ. ಅವನು ಒಬ್ಬನೇ ಕಕ್ಷೆ ಸೇರಿ ತಿರುಗತೊಡಗಿದ.

ಆ ಸಂಜೆಯೇ ಬ್ಯಾಡಗಿಯ ಬಸ್ಸು ಹತ್ತಬಹುದಿತ್ತು. ಹತ್ತಲಿಲ್ಲ. ಹೋಗಿ ಏನೆಂದು ಹೇಳಲಿ, ರೆಕ್ಕೆಯ ಕಥೆಯನ್ನು ಯಾರು ನಂಬುತ್ತಾರೆ ಎಂದುಕೊಂಡೆ. ನಂಬದಿರುವುದಕ್ಕೆ ಹೆದರಿದೆನೋ, ನಂಬಿ ನಗುತ್ತಾರೆಂದು ಹೆದರಿದೆನೋ... ಎರಡನೆಯದೇ ಇರಬೇಕು. ಅವ್ವ ಬೇರೆ ಕಡೆ ನೋಡಿದಳು, ನನ್ನ ಮದುವೆಯಾಯಿತು. ಬ್ಯಾಡಗಿಯ ಆ ಹುಡುಗಿಗೆ ಬಂದ ಸಂಬಂಧಗಳು ವಿಚಾರಿಸಿಕೊಂಡು ವಾಪಸ್ಸು ಹೋದವೆಂದು ಅವ್ವ ಆಗಾಗ ಹೇಳುತ್ತಿದ್ದಳು. “ಪುಣ್ಯಾ ನೋಡಪಾ, ನಾವು ಉಳಕೊಂಡ್ವಿ,” ಎನ್ನುತ್ತಿದ್ದಳು. ನಾನು ತಲೆ ಬಗ್ಗಿಸಿ ಊಟ ಮಾಡುತ್ತಿದ್ದೆ.

ಕಳೆದ ತಿಂಗಳು ಹಾವೇರಿ ಸ್ಟೇಷನ್ನಿನಲ್ಲಿ ಅವಳು ಕಂಡಳು. ಹುಬ್ಬಳ್ಳಿ ಕಡೆಯ ಗಾಡಿಗೆ ಕಾಯುತ್ತ ಬೆಂಚಿನ ಮೇಲೆ ಕೂತಿದ್ದಳು. ನಾನು ಕಂಬದ ಮರೆಯಲ್ಲಿ ನಿಂತು ನೋಡಿದೆ — ಯಾರಾದರೂ ಜೊತೆಗಿದ್ದಾರೆಯೇ ಎಂದು. ಇಷ್ಟೆಲ್ಲ ಆದ ಮೇಲೂ ನನ್ನ ಕಣ್ಣು ಮೊದಲು ಹುಡುಕಿದ್ದು ಅದನ್ನೇ. ಯಾರೂ ಇರಲಿಲ್ಲ. ಹತ್ತಿರ ಹೋಗಿ ನಿಂತೆ. ಗುರುತು ಹಿಡಿದಳು, ಏಳಲಿಲ್ಲ. ನಾನು ನಿಂತೇ ಎಲ್ಲ ಹೇಳಿದೆ. ರೆಕ್ಕೆ ನನ್ನದೆಂದು ಆಮೇಲೆ ಗೊತ್ತಾಯಿತು ಎಂದೆ.

“ಆ ರೆಕ್ಕಿ ಬೇಕಾಗಿರಲಿಲ್ರಿ,” ಎಂದಳು. “ಮೂರೂ ತಗದಿದ್ರ ಇನ್ನೂ ಹಗೂರ ಆಗ್ತಿತ್ತು. ನಿಮ್ಮ ಕೈಯಿಂದು ಏನರ ಒಂದ ಇರಲೆಂತ ಬಿಟ್ಟಿದ್ದೆ.”

ತಪ್ಪಾಯಿತು ಎಂದೆ. ಅವಳು ಹಳಿಯ ಕಡೆ ನೋಡುತ್ತಲೇ ಮಾತಾಡಿದಳು.

“ನಂಗ್ಯಾಕ ಹೇಳ್ತೀರಿ? ಯಾರೂ ಇದ್ದಿಲ್ಲಂತ ನಂಗ ಅವತ್ತ ಗೊತ್ತಿತ್ತು. ಈಗ ನನ್ನ ತಂಗೀಗೆ ವರ ನೋಡಾಕತ್ತಾರ. ಅಕ್ಕ ಹಂಗಂತ, ತಂಗಿ ಹ್ಯಾಂಗೋ ಅಂತ ಮೊನ್ನೆ ಬಂದವ್ರು ಕೇಳಿ ಹ್ವಾದ್ರು. ಯಾರ ಮುಂದ ಅಂದೀರಿ, ಅವರ ಮುಂದ ಹೋಗಿ ಹೇಳ್ರಿ.”

ಗಾಡಿ ಬಂತು, ಹತ್ತಿ ಹೋದಳು. ಹಿಂತಿರುಗಿ ನೋಡುತ್ತಾಳೇನೋ ಎಂದು ಕಾದೆ. ನೋಡಲಿಲ್ಲ.

ಮೊದಲು ಹೆಂಡತಿಗೆ ಹೇಳಿದೆ. ಆಮೇಲೆ ಅವ್ವನಿಗೆ ಹೇಳಿದೆ. ಅವ್ವ, “ಎಷ್ಟ ಮಂದಿ ಮುಂದ ಅಂದೇನೋ ನಾನು,” ಎಂದಳು. ನೆನಪಾದವರ ಮನೆಗೆಲ್ಲ ತಾನೇ ಹೋಗುತ್ತೇನೆಂದೂ ಹೇಳಿದಳು. ಕಳೆದ ಭಾನುವಾರ ನಾನು ಬ್ಯಾಡಗಿಗೆ ಹೋದೆ.

ವೀರಣ್ಣ ಮಾಮಾಗೆ ಈಗ ವಯಸ್ಸಾಗಿದೆ. ಅಂಗಡಿಯಲ್ಲಿ ಚೀಲದ ರಾಶಿಗೆ ಒರಗಿ ಕೂತಿದ್ದರು, ಎದುರಿಗೆ ಇಬ್ಬರು ಮೂವರು ಪರಿಚಯದವರು. ಅವರು ಎದ್ದು ಹೋಗಲಿ ಎಂದು ಒಂದು ಗಳಿಗೆ ಆಸೆಪಟ್ಟೆ. ಆಮೇಲೆ, ಇವರು ಇರುವುದೇ ಒಳ್ಳೆಯದು ಎನಿಸಿತು.

“ಮಾಮಾ, ಅವತ್ತು ನಾನು ಆ ಹುಡುಗಿ ಬಗ್ಗೆ ಹೇಳಿದ್ದು ಸುಳ್ಳು. ಅಕಿ ಹಿಂದ ಯಾರೂ ಇದ್ದಿಲ್ಲ. ತಪ್ಪು ನಂದು,” ಎಂದೆ.

ಮಾಮಾ ಕನ್ನಡಕ ಸರಿಮಾಡಿಕೊಂಡು ನನ್ನ ಮುಖವನ್ನೇ ನೋಡಿದರು. ನೆನಪಿಸಿಕೊಳ್ಳಲು ನಿಜವಾಗಿಯೂ ಪ್ರಯತ್ನಪಟ್ಟರು.

“ಯಾವ ಹುಡಿಗಿಯೋ?” ಎಂದರು.

ನಾನು ಚಪ್ಪಲಿ ಬಿಟ್ಟು ಒಳಗೆ ಹೋಗಿ ಕೂತೆ. ಅವಳ ಹೆಸರು, ಅವಳ ತಂದೆಯ ಹೆಸರು ಹೇಳಿ, ಎಲ್ಲರಿಗೂ ಕೇಳಿಸುವಂತೆ ಮೊದಲಿನಿಂದ ಶುರುಮಾಡಿದೆ.